ನಮ್ಮನೆಯವರು

ಹಾಸಿಗೆ ಹೊಲಿಯುವವನಿಗೆ ಮದುವೆಯಾದಾಗ ನಲವತ್ತು ದಾಟಿತ್ತು. ಆ ಬೀದಿಯ ಅರ್ಧ ಸಂಸಾರಗಳು ಅವನು ಹೊಲಿದ ಹಾಸಿಗೆಗಳ ಮೇಲೆಯೇ ಶುರುವಾಗಿದ್ದವು. ಅವನು ಮಾತ್ರ ಅಂಗಡಿಯ ಹಿಂದಿನ ಕೋಣೆಯಲ್ಲಿ, ಯಾರೋ ಗಿರಾಕಿ ಬೇಡವೆಂದು ಬಿಟ್ಟುಹೋದ ತಗ್ಗು ಬಿದ್ದ ಹಾಸಿಗೆಯ ಮೇಲೆ ಒಂಟಿಯಾಗಿ ಮಲಗುತ್ತಿದ್ದ. "ಊರಿಗೆಲ್ಲ ಜೋಡಿ ಹಾಸಿಗೆ, ನಿನಗೆ ಮಾತ್ರ ಒಂಟಿ ದಿಂಬು" ಎಂದು ಎದುರಿನ ಕ್ಷೌರದಂಗಡಿಯವನು ಕತ್ತರಿ ಆಡಿಸುತ್ತಲೇ ಕೂಗಿ ಹೇಳುತ್ತಿದ್ದ. ಹಾಸಿಗೆಯವನೂ ಹಲ್ಲು ಬಿಟ್ಟು ನಗುತ್ತಿದ್ದ. ಆದರೆ ನಕ್ಕಾದ ಮೇಲೆ ಹೊಲಿಗೆ ಮೆಷಿನ್ನು ಸ್ವಲ್ಪ ಹೊತ್ತು ಸುಮ್ಮನಿರುತ್ತಿತ್ತು.

ಆಮೇಲೊಂದು ದಿನ ಬೀದಿ ತಿರುವಿನ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಗಸು ಒಂದು ಪುಟ್ಟ ಹಾಸಿಗೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಂದಳು. ಆಚೆ ಈಚೆ ನೋಡಿ, ದನಿ ತಗ್ಗಿಸಿ, "ಮಗು ಒದ್ದೆ ಮಾಡಿಕೊಳ್ಳುತ್ತೆ. ಒಳಗಿನದೆಲ್ಲ ಬದಲಿಸಿ ಕೊಡ್ತೀರಾ?" ಎಂದಳು. ಅವನೂ ಅಷ್ಟೇ ತಗ್ಗಿದ ದನಿಯಲ್ಲಿ, "ಅದಕ್ಕೇನಂತೆ. ಒಣಗಿದ ಹಾಸಿಗೆ ಮೇಲೆ ಬೆಳೆದ ಮಕ್ಕಳನ್ನ ನಾನಂತೂ ನೋಡಿಲ್ಲ" ಎಂದ. ಅವಳು ನಕ್ಕಳು. ನಗುವಾಗ ಅವಳ ಕಣ್ಣ ಸುತ್ತಲಿನ ದಣಿವು ಒಂದು ಕ್ಷಣ ಎಲ್ಲಿಗೋ ಹೋಗಿ ಬಂದಂತಾಯಿತು. ವರ್ಷ ಕಳೆಯುವುದರೊಳಗೆ ಅವರಿಬ್ಬರಿಗೂ ಮದುವೆಯಾಯಿತು.

ಮದುವೆಗೆ ಮುಂಚೆಯೇ ಅವಳು ಒಂದು ಮಾತು ಹೇಳಿದ್ದಳು. "ನೋಡಿ, ಮಗಳಿಗೆ ಅಪ್ಪ ಇದ್ದಾರೆ. ನಮ್ಮ ಜೊತೆ ಇಲ್ಲ, ಅಷ್ಟೆ. ನಿಮ್ಮನ್ನ ಅವಳು ಏನಂತ ಕರೀತಾಳೋ ಕರೀಲಿ. ಒತ್ತಾಯ ಮಾತ್ರ ಬೇಡ."

ಅವನು ತಲೆಯಾಡಿಸಿದ. ತಲೆಯಾಡಿಸುವುದು ಸುಲಭವಾಗಿತ್ತು. ಕಷ್ಟವಾದದ್ದು ಆಮೇಲೆ.

ಮಗುವನ್ನು ಎಲ್ಲರೂ ಬಟಾಣಿ ಎನ್ನುತ್ತಿದ್ದರು. ಹುಟ್ಟಿದಾಗ ಅಂಗೈಯಲ್ಲಿ ಹಿಡಿಯುವಷ್ಟಿದ್ದಳೆಂದು ಅವಳ ಅಪ್ಪನೇ ಇಟ್ಟ ಅಡ್ಡಹೆಸರು. ಹಾಲಿನವಳು, ಕ್ಷೌರದವನು, ಔಷಧಿ ಅಂಗಡಿಯ ಯಜಮಾನ, ಎಲ್ಲರ ಬಾಯಲ್ಲೂ ಅದೇ. ಹಾಸಿಗೆಯವನ ನಾಲಗೆಗೆ ಮಾತ್ರ ಅದು ಹತ್ತಲಿಲ್ಲ. ಇನ್ನೊಬ್ಬನ ಅಂಗಿಯನ್ನು ಹೇಳದೆ ಕೇಳದೆ ತೊಟ್ಟುಕೊಂಡಂತೆ ಅನಿಸುತ್ತಿತ್ತು. ಅವನು "ಮಗೂ" ಎನ್ನುತ್ತಿದ್ದ. ಅವಳೋ ಅವನನ್ನು ಏನೂ ಕರೆಯುತ್ತಿರಲಿಲ್ಲ. ನೀರು ಬೇಕಾದರೆ ಲೋಟ ಹಿಡಿದು ಅವನ ಪಕ್ಕ ಬಂದು ನಿಲ್ಲುವಳು. ಅವನು ನೋಡುವವರೆಗೂ ನಿಲ್ಲುವಳು. ಅವನಿಗೆ ಬೇಕೆಂದೇ ತುಸು ತಡವಾಗಿ ನೋಡುವ ಆಸೆ. ಇನ್ನೊಂದು ಗಳಿಗೆ ಕಾದರೆ ಬಾಯಿ ಬಿಟ್ಟು ಕರೆದಾಳೇನೋ ಎಂದು. ಆದರೆ ನಾಲ್ಕು ವರ್ಷದ ಮಗುವಿನ ಬಾಯಾರಿಕೆಯ ಜೊತೆ ಪಂದ್ಯ ಕಟ್ಟುವುದಕ್ಕೆ ಅವನಿಗೆ ನಾಚಿಕೆಯಾಗಿ ಬೇಗನೆ ತಿರುಗಿಬಿಡುತ್ತಿದ್ದ.

ಮಗುವಿನ ಅಪ್ಪ ಊರೂರಿಗೆ ಹೋಗಿ ನಾಟಕ, ಸಂಗೀತಕ್ಕೆಲ್ಲ ವೇದಿಕೆ ಕಟ್ಟುವವನು. ಕೆಟ್ಟವನಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡವನು, ಅಷ್ಟೆ. ಒಂದು ಕಡೆ ವೇದಿಕೆ ಕಟ್ಟಿ ಬಿಚ್ಚುವುದರೊಳಗೆ ಮನಸ್ಸು ಮುಂದಿನ ಊರಿನಲ್ಲಿರುತ್ತಿತ್ತು. ಮನೆಯನ್ನೂ ಹಾಗೆಯೇ ಬಿಚ್ಚಿಕೊಂಡು ಹೋಗಿದ್ದ. ನೆನಪಾದಾಗ ಮಗುವಿಗೆ ಫೋನು ಮಾಡುತ್ತಿದ್ದ. ಆಗ ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಅಡುಗೆಮನೆಯ ಮೇಜಿನ ಕೆಳಗೆ ಹೋಗಿ ಕೂರುತ್ತಿದ್ದಳು. ಅಲ್ಲಿಂದ ಬರುವ ಗಿಳಿಮಾತನ್ನು ಕೇಳಿದರೆ ಇದೇ ಮಗುವೇ ಎಂದು ಸಂಶಯ ಬರಬೇಕು. ಹಾಸಿಗೆಯವನು ಪಾತ್ರೆ ತೊಳೆಯುವ ನೆಪದಲ್ಲಿ ಅಲ್ಲೇ ನಿಂತು, ನಲ್ಲಿಯನ್ನು ಸಣ್ಣಗೆ ಬಿಟ್ಟುಕೊಂಡು ಆ ಮಾತುಗಳನ್ನು ಕೇಳುತ್ತಿದ್ದ. ತನಗಲ್ಲದ ಮಾತು. ಆದರೂ ಕಿವಿಗೆ ಹಿತವಾಗುತ್ತಿತ್ತು.

ಮಗು ಹೋಗುತ್ತಿದ್ದ ಶಿಶುವಿಹಾರ ಎರಡು ಬೀದಿ ಆಚೆಗಿತ್ತು. ಹಳೆಯ ಮನೆಯೊಂದರ ಕೆಳಅಂತಸ್ತು. ಮೂರು ಕೋಣೆ, ಗೇಟಿನ ಪಕ್ಕಕ್ಕೆ ಬೇಲಿ ಹಾಕಿದ ಸಿಮೆಂಟಿನ ಅಂಗಳ. ಆ ವರ್ಷ ಹೊಸ ಟೀಚರ್ ಬಂದರು. ಮೊದಲು ದೊಡ್ಡ ಶಾಲೆಯಲ್ಲಿ ಹುಡುಗಿಯರಿಗೆ ಓಟ ಕಲಿಸುತ್ತಿದ್ದವರಂತೆ. ಐವತ್ತರ ಮೇಲಿನ ವಯಸ್ಸು, ಗುಂಡು ದೇಹ, ಕೊರಳಲ್ಲಿ ಸದಾ ಒಂದು ಸೀಟಿ. ಮಕ್ಕಳು ಎರಡೇ ದಿನದಲ್ಲಿ ಸೀಟಿ ಟೀಚರ್ ಎಂದು ಹೆಸರಿಟ್ಟುಬಿಟ್ಟರು. ಬಂದ ತಿಂಗಳಲ್ಲೇ ಅವರು ಮನೆಯವರನ್ನೆಲ್ಲ ಕರೆಸಿ, ಮಕ್ಕಳ ಪುಟ್ಟ ಕುರ್ಚಿಗಳ ಮೇಲೆ ಕೂರಿಸಿದರು. ದೊಡ್ಡವರ ಮೊಣಕಾಲುಗಳೆಲ್ಲ ಗಲ್ಲಕ್ಕೆ ಬಂದಿದ್ದವು.

"ನಿಮ್ಮ ಮಕ್ಕಳು ಮೆಟ್ಟಿಲು ಹತ್ತೋದನ್ನ ನೋಡಿದ್ದೀರಾ? ಮುದುಕರ ಥರ ಗೋಡೆ ಹಿಡ್ಕೊಂಡು ಹತ್ತುತ್ವೆ. ಮನೇಲಿ ಕೂರೋದು, ಗಾಡೀಲಿ ಕೂರೋದು, ಇಲ್ಲಿ ಬಂದು ಕೂರೋದು. ಹಿಂಗೇ ಆದ್ರೆ ಮೂಟೆ ಆಗ್ತಾವೆ. ಇನ್ಮೇಲೆ ಪ್ರತಿ ಶನಿವಾರ ಬೆಳಿಗ್ಗೆ ಆಟ. ಓಡೋದು, ಉರುಳೋದು, ತೆವಳೋದು. ಪ್ರತಿ ಮಗು ಜೊತೆ ಮನೆಯವರು ಒಬ್ಬರು ಬರಬೇಕು."

ಕೋಟು ಹಾಕಿಕೊಂಡ ಒಬ್ಬ ಅಪ್ಪ ಮೂಗು ಮುರಿದ. "ಓದು ಬರಹ ಯಾವಾಗ ಟೀಚರ್?"

"ಬರೆಯೋಕೂ ಬೆನ್ನು ನೆಟ್ಟಗಿರಬೇಕಲ್ಲ ಸಾರ್."

"ಅಲ್ಲ, ಮಕ್ಕಳನ್ನ ಆಡಿಸೋಕೆ ನೀವಿಲ್ವಾ? ನಾವ್ಯಾಕೆ?" ಎಂದಳು ಒಬ್ಬ ತಾಯಿ.

"ನಾನು ಕುಣಿಸಿದ್ರೆ ಅದು ಪಾಠ ಕಣಮ್ಮ. ನೀವು ಕುಣಿದ್ರೆ ಆಟ" ಎಂದರು ಟೀಚರ್. "ಅಪ್ಪ, ಅಮ್ಮ, ಅಜ್ಜಿ, ಚಿಕ್ಕಪ್ಪ, ಯಾರಾದ್ರೂ ಆಗ್ಬಹುದು. ಮನೆಯವರು ಆಗಿದ್ರೆ ಸಾಕು."

ಹೆಂಡತಿಯ ಹಿಂದೆ ಗೋಡೆಗೊರಗಿ ನಿಂತಿದ್ದ ಹಾಸಿಗೆಯವನು ಆ ಕೊನೆಯ ಮಾತನ್ನು ಜೇಬಿಗೆ ಹಾಕಿಕೊಂಡವನಂತೆ ಮನೆಗೆ ತಂದ.

ಅವತ್ತು ಸಂಜೆ ಊಟದ ಮೇಜಿನಲ್ಲಿ ಹೆಂಡತಿ, "ಶನಿವಾರ ನನಗೆ ಅಂಗಡಿ ಬಿಡೋಕಾಗಲ್ಲ. ನೀವು ಹೋಗ್ತೀರಾ?" ಎಂದಳು. ಅವನ ಎದೆ ಜಿಗಿಯಿತು. ಬಾಯಲ್ಲಿದ್ದದ್ದನ್ನು ನುಂಗಿ ಹೂಂ ಎನ್ನಬೇಕು, ಅಷ್ಟರಲ್ಲಿ ಮಗು ಹಾಲಿನ ಲೋಟದಿಂದ ಮುಖವೆತ್ತಿ ಹೇಳಿತು.

"ಅಪ್ಪ ಬರ್ತಾರೆ. ನಾನು ಫೋನಲ್ಲಿ ಹೇಳಿದೀನಿ."

ಗಂಡ ಹೆಂಡತಿ ಇಬ್ಬರೂ ತಂತಮ್ಮ ತಟ್ಟೆ ನೋಡಿಕೊಂಡರು. "ಹಾಗಾದ್ರೆ ಸರಿ" ಎಂದ ಅವನು. ದನಿ ಸಹಜವಾಗಿಯೇ ಬಂತೆಂದು ಅವನಿಗೆ ಅನಿಸಿತು. ಹೆಂಡತಿ ಮಾತ್ರ ಮೇಜಿನ ಕೆಳಗೆ ಅವನ ಮೊಣಕಾಲನ್ನೊಮ್ಮೆ ಮುಟ್ಟಿದಳು.

ಶನಿವಾರ ಮಧ್ಯಾಹ್ನ ಅವನು ಕರೆತರಲು ಹೋದಾಗ ಮಗು ಗೇಟಿನ ಪಕ್ಕದ ಮೆಟ್ಟಿಲ ಮೇಲೆ ಕೂತಿತ್ತು. ಷೂ ಲೇಸು ಬೆಳಿಗ್ಗೆ ತಾಯಿ ಕಟ್ಟಿದ ಹಾಗೆಯೇ ಗಟ್ಟಿಯಾಗಿತ್ತು. ಟೀಚರ್ ಅವನನ್ನು ಪಕ್ಕಕ್ಕೆ ಕರೆದರು.

"ಇಡೀ ಹೊತ್ತು ಇಲ್ಲೇ ಕೂತಿದ್ಲು. ಬಾ ಅಂದ್ರೆ ಬರಲ್ಲ, ಅಪ್ಪ ಬರ್ತಾರೆ ಅಂತಾಳೆ. ಅಂದ ಹಾಗೆ ನೀವು ಅವಳಿಗೆ ಏನಾಗಬೇಕು?"

ಎಲ್ಲರೂ ಕೇಳುವ ಪ್ರಶ್ನೆಯೇ. ಆದರೆ ಅವನಿಗೆ ಅದು ನೇರವಾಗಿ ನಾಟಿತು. ಏನಾಗಬೇಕು? ಏನಾಗಬೇಕೆಂದು ಅವನಿಗೆ ಗೊತ್ತಿತ್ತು. ಇನ್ನೂ ಆಗಿರಲಿಲ್ಲ, ಅಷ್ಟೆ. "ಅವಳ ತಾಯಿ ನನ್ನ ಹೆಂಡತಿ" ಎಂದ.

ಅಷ್ಟರಲ್ಲಿ ಒಳಗಿನಿಂದ ಒಬ್ಬ ತಾಯಿ ಗಲ್ಲಕ್ಕೆ ಪಟ್ಟಿ ಹಾಕಿಸಿಕೊಂಡ ಮಗನನ್ನು ಎಳೆದುಕೊಂಡು ಬಂದು, "ನಾಳೆ ಹಲ್ಲು ಮುರಿದ್ರೆ ಯಾರು ಹೊಣೆ? ಸಿಮೆಂಟಿನ ಮೇಲೆ ಲಾಗ ಹಾಕಿಸ್ತೀರಲ್ಲ!" ಎಂದು ರೇಗಿ ಹೋದಳು. ಟೀಚರ್ ಸೀಟಿಯನ್ನು ಬೆರಳಿಗೆ ಸುತ್ತುತ್ತ ನಿಂತರು. "ಅವರು ಹೇಳೋದೂ ಸರಿಯೇ. ನಿಲ್ಲಿಸಬೇಕಾಗುತ್ತೋ ಏನೋ."

"ಹಾಸೋಕೆ ಏನಾದ್ರೂ ಹೊಲಿದು ಕೊಡ್ಲಾ?" ಎಂದ ಹಾಸಿಗೆಯವನು. ಹೇಳಿಬಿಟ್ಟ ಮೇಲೆ ತನಗೇ ಗಾಬರಿಯಾಯಿತು. ಅಂಗಳ ಸಣ್ಣದೇನಲ್ಲ. ಆದರೆ ಈ ಆಟ ನಿಂತುಹೋದರೆ ತನಗೆ ಆ ಗೇಟು ದಾಟಲು ಇರುವ ಒಂದೇ ದಾರಿಯೂ ಮುಚ್ಚಿಹೋಗುತ್ತದೆಂದು ಅವನ ಹೊಟ್ಟೆಯೊಳಗಿಂದ ಯಾರೋ ಹೇಳಿದ್ದರು.

ಶಿಶುವಿಹಾರ ಬಿಟ್ಟ ಮೇಲೆ, ತಾಯಿಯ ಕೆಲಸ ಮುಗಿಯುವವರೆಗೆ, ಮಗು ಅವನ ಅಂಗಡಿಯಲ್ಲೇ ಇರುತ್ತಿತ್ತು. ಹತ್ತಿಯ ಚೀಲದ ಮೇಲೆ ಹತ್ತಿ ಕೂತರೆ ಮುಗಿಯಿತು, ಅಲ್ಲಿಂದ ಇಳಿಯುತ್ತಿರಲಿಲ್ಲ. ಆ ವಾರ ಅವನು ಹಾಸಿಗೆಗಳ ಕೆಲಸವನ್ನೆಲ್ಲ ಬದಿಗಿಟ್ಟ. ಮೂಲೆಯಲ್ಲಿ ಬಿದ್ದಿದ್ದ ಸ್ಪಂಜಿನ ತುಂಡುಗಳನ್ನು ಒಂದೇ ದಪ್ಪಕ್ಕೆ ಕೊಯ್ದು, ಅಂಟು ಹಚ್ಚಿ ಜೋಡಿಸಿ, ಮೇಲೆ ಒರಟು ಕ್ಯಾನ್ವಾಸ್ ಎಳೆದು ಅಂಚಿಗೆ ಎರಡೆರಡು ಹೊಲಿಗೆ ಹಾಕಿದ. ಮೊದಲನೆಯ ಮ್ಯಾಟು ಮುಗಿದಾಗ ಅದನ್ನು ನೆಲಕ್ಕೆ ಹಾಸಿ, ಗಾಳಿಯ ಜೊತೆ ಮಾತಾಡಿದ.

"ಮೆತ್ತಗಿದೆಯೋ ಇಲ್ವೋ ಯಾರಾದ್ರೂ ನೋಡಬೇಕಲ್ಲ."

ಮಗು ಚೀಲದ ಮೇಲಿಂದ ಇಳಿಯಲಿಲ್ಲ. ಅವನೇ ಮಂಡಿಯೂರಿ, ತಲೆ ತಗ್ಗಿಸಿ, ಹುಡುಗನಾಗಿದ್ದಾಗ ಹಾಕಿದ್ದ ಲಾಗವನ್ನು ನೆನಪಿಸಿಕೊಂಡು ಒಂದು ಉರುಳು ಉರುಳಿದ. ಉರುಳಿದ್ದು ನೆಟ್ಟಗೆ ಹೋಗದೆ ವಾರೆಯಾಗಿ ಹೋಯಿತು. ಕಾಲು ಪಕ್ಕದ ಇನ್ನೊಂದು ಹತ್ತಿ ಚೀಲಕ್ಕೆ ತಾಗಿ, ಅದರ ಬಾಯಿ ಬಿಚ್ಚಿ, ಅವನ ತಲೆಯ ಮೇಲೆ ಅರ್ಧ ಮೂಟೆ ಹತ್ತಿ ಸುರಿಯಿತು. ಎದುರಿನ ಕ್ಷೌರದವನು ಗಿರಾಕಿಯ ಗಲ್ಲಕ್ಕೆ ಅರ್ಧ ಹಚ್ಚಿದ ನೊರೆಯನ್ನು ಬಿಟ್ಟು ಬಾಗಿಲಿಗೆ ಓಡಿಬಂದ. "ಅಯ್ಯೋ ಮಾರಾಯ! ಒಂದೇ ದಿನಕ್ಕೆ ತಲೆಯೆಲ್ಲ ಬೆಳ್ಳಗಾಗಿ ಹೋಯ್ತಲ್ಲೋ!"

ಚೀಲದ ಮೇಲಿನಿಂದ ಒಂದು ಸಣ್ಣ ಸದ್ದು ಬಂತು. ಮಗು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿತ್ತು. ಅವನು ನೋಡಿದೊಡನೆ ಮುಖ ಮತ್ತೆ ಗಂಭೀರವಾಯಿತು.

ಅವನು ಬೆನ್ನು ತಿರುಗಿಸಿ ಮೆಷಿನ್ನಿನ ಮುಂದೆ ಕೂತ. ಸ್ವಲ್ಪ ಹೊತ್ತಿಗೆ ಹಿಂದೆ ಚೀಲದಿಂದ ಜಾರಿದ ಸದ್ದು. ಬರಿಗಾಲು ನೆಲಕ್ಕೆ ತಾಗಿದ ಸದ್ದು. ಆಮೇಲೆ ಧೊಪ್ಪೆಂದಿತು. ಅವನು ತಿರುಗಿದ. ಮಗು ಮ್ಯಾಟಿನ ನಡುವೆ ಕಳ್ಳತನ ಮಾಡಿ ಸಿಕ್ಕಿಬಿದ್ದವಳಂತೆ ನಿಂತುಬಿಟ್ಟಿತ್ತು. ಆಗ ಅವನಿಗೆ ತಿಳಿಯಿತು. ಅಲ್ಲಿಂದ ಮುಂದೆ ಅವನು ತಿರುಗಲಿಲ್ಲ. ದಿನವೂ ಮಧ್ಯಾಹ್ನ ಬೆನ್ನ ಹಿಂದೆ ಧೊಪ್, ಧೊಪ್ ಎನ್ನುತ್ತಿತ್ತು. ನೋಡಬೇಕೆಂಬ ಆಸೆ ಕುತ್ತಿಗೆಯ ನರ ಎಳೆಯುವಷ್ಟಿತ್ತು. ಆದರೂ ಹೊಲಿಗೆಯ ಮೇಲೆಯೇ ಕಣ್ಣಿಟ್ಟು ಕಿವಿಯಿಂದಲೇ ನೋಡಿದ. ಮೊದಮೊದಲು ಒರಟಾಗಿ ಬೀಳುತ್ತಿದ್ದಳು. ಬರಬರುತ್ತ ಸದ್ದು ಮೆತ್ತಗಾಯಿತು. ಒಂದು ದಿನ ಸದ್ದು ಬೇರೆಯದೇ ಥರ ಬಂತು. ಮೊದಲು ಬೆನ್ನು, ಆಮೇಲೆ ಕಾಲು. ಹಿಂದಕ್ಕೆ ಲಾಗ ಹಾಕುತ್ತಿದ್ದಾಳೆ ಎಂದುಕೊಂಡ. ಅವಳೇ ತನಗೆ ತಾನು "ಬಂತು!" ಎಂದು ಪಿಸುಗುಟ್ಟಿಕೊಂಡಳು. ಅವನ ಕೈಯಿಂದ ಹೊಲಿಗೆ ಸೊಟ್ಟಗಾಯಿತು. ಬಿಚ್ಚಿ ಮತ್ತೆ ಹಾಕಿದ.

ಎರಡನೆಯ ಶನಿವಾರ ಮ್ಯಾಟುಗಳನ್ನು ಕೈಗಾಡಿಯಲ್ಲಿ ಹೇರಿಕೊಂಡು ಹೋಗಿ ಅಂಗಳದ ತುಂಬ ಹಾಸಿಕೊಟ್ಟ. ಗಲ್ಲ ಒಡೆದ ಹುಡುಗನ ತಾಯಿ ತಾನೇ ಬಂದು ಪಾದದಿಂದ ಒತ್ತಿ ನೋಡಿದಳು, ಆಮೇಲೆ ಮಂಡಿಯಿಂದ, ಆಮೇಲೆ ಯಾರೂ ನೋಡುತ್ತಿಲ್ಲವೆಂದುಕೊಂಡು ಪೂರ್ತಿ ಕೂತೇಬಿಟ್ಟಳು. ಕೋಟಿನ ಅಪ್ಪ ಕೋಟು ಬಿಚ್ಚಿ ಕಿಟಕಿಗೆ ನೇತುಹಾಕಿದ. ಅಜ್ಜಿಯೊಬ್ಬಳು ಮೊಮ್ಮಗಳ ಜೊತೆ ಕೈಹಿಡಿದು ಸುತ್ತತೊಡಗಿ, "ನಿಲ್ಸೇ, ತಲೆ ಸುತ್ತುತ್ತೆ ಕಣೇ!" ಎಂದು ಕೂಗುತ್ತ ತಾನೇ ನಿಲ್ಲಿಸದೆ ಸುತ್ತಿದಳು.

ಬಟಾಣಿ ಮೆಟ್ಟಿಲ ಮೇಲೆ ಬೀದಿ ನೋಡುತ್ತ ಕೂತಿದ್ದಳು.

"ಇದ್ದುಬಿಡಿ, ಅವಳ ಜೊತೆ ಆಡಿ" ಎಂದರು ಟೀಚರ್.

"ಅವರಪ್ಪ ಬರ್ತಾರಂತಲ್ಲ. ನಾನು ಒಳಗೆ ಹೋಗಿ ನಿಂತ್ರೆ, ಅವರ ಜಾಗ ತುಂಬಿಹೋಯ್ತು ಅನ್ಕೋತಾಳೆ" ಎಂದು ಅವನು ಹೋಗಿ ಮೆಟ್ಟಿಲ ಮೇಲೆ, ಅವಳಿಂದ ಒಂದು ಮೊಳ ದೂರದಲ್ಲಿ ಕೂತ. ಇಬ್ಬರೂ ಬೀದಿ ನೋಡಿದರು. ಒಂದು ಸೈಕಲ್ ಹೋಯಿತು. ನಾಯಿಯೊಂದು ಬಂದು ಗೇಟು ಮೂಸಿ ಹೋಯಿತು.

"ನೀವ್ಯಾಕೆ ಕೂತಿದೀರಾ?" ಎಂದಳು ಅವಳು.

"ನಾನೂ ಕಾಯ್ತಿದೀನಿ."

"ಯಾರಿಗೆ?"

"ನಿಮ್ಮಪ್ಪನಿಗೇ."

ಅವಳು ಅವನ ಕಡೆ ತಿರುಗಿದಳು. "ಅಪ್ಪ ಬಂದ್ರೆ ನೀವು ಹೋಗ್ತೀರಾ?"

"ಹೋಗ್ತೀನಿ."

"ಎಲ್ಲಿಗೆ?"

"ಅಂಗಡಿಗೆ."

"ಆಮೇಲೆ?"

"ಆಮೇಲೆ ಮನೆಗೆ."

"ನಮ್ಮನೆಗಾ?"

"ಹೂಂ. ನಿಮ್ಮನೆಗೆ."

ಅವಳು ಮತ್ತೆ ಬೀದಿಗೆ ಕಣ್ಣು ನೆಟ್ಟಳು. ಅಷ್ಟರಲ್ಲಿ ಒಳಗಿಂದ ಟೀಚರ್ ಕೂಗಿದರು. ಸೇತುವೆ ಆಟಕ್ಕೆ ಒಬ್ಬರು ಕಡಿಮೆ, ಅಜ್ಜಿಗೆ ಬಗ್ಗಲಾಗುವುದಿಲ್ಲ, ಬೆನ್ನು ಗಟ್ಟಿ ಇರುವವರು ಬನ್ನಿ ಎಂದು. ಹಾಸಿಗೆಯವನು ಹೋದ. ಕೈಕಾಲೂರಿ ಸೇತುವೆಯಾಗಿ ನಿಂತ. ಮಕ್ಕಳು ಅವನ ಹೊಟ್ಟೆಯ ಕೆಳಗೆ ನುಸುಳಿದರು, ಬೆನ್ನು ಹತ್ತಿದರು, ಕಿವಿ ಹಿಡಿದು ಇಳಿದರು. ಪ್ರತಿಯೊಂದು ಪುಟ್ಟ ಕೈ ಬೆನ್ನಿಗೆ ತಾಗಿದಾಗಲೂ ಇದು ಅವಳದೇನೋ ಎಂದು ಉಸಿರು ಬಿಗಿಹಿಡಿದ. ಸೀಟಿ ಊದಿದ ಮೇಲೂ ಎದ್ದೇಳದೆ ಇನ್ನಷ್ಟು ಹೊತ್ತು ಹಾಗೇ ನಿಂತಿದ್ದ. "ಸಾಕು, ಸೇತುವೆ ಬಿದ್ದು ಹೋಗುತ್ತೆ" ಎಂದು ಟೀಚರ್ ನಕ್ಕರು. ಅವನು ತಲೆಯೆತ್ತಿ ನೋಡಿದ. ಅವಳು ಮೆಟ್ಟಿಲ ಮೇಲೆಯೇ ಇದ್ದಳು. ಆದರೆ ಬೀದಿಗೆ ಬೆನ್ನು ಮಾಡಿ, ಒಳಗೆ ನೋಡುತ್ತಿದ್ದಳು.

ಮೂರನೆಯ ಶನಿವಾರ ಅಪ್ಪ ಬಂದ.

ನಿಜಕ್ಕೂ ಬಂದ. ಹೆಗಲಿಗೊಂದು ಚೀಲ, ತೋಳು ಮಡಿಚಿದ ಅಂಗಿ, ಬಿಸಿಲಿಗೆ ಕಂದಿದ ಮುಖದ ತುಂಬ ನಗು. ಬೀದಿಯ ತುದಿಯಲ್ಲಿ ಕಾಣಿಸಿದ್ದೇ ತಡ, ಮೆಟ್ಟಿಲ ಮೇಲಿದ್ದ ಮಗು ಬಿಲ್ಲಿನಿಂದ ಬಿಟ್ಟ ಬಾಣದಂತೆ ಹಾರಿತು. ಹಾಸಿಗೆಯವನು ಆ ಕಾಲುಗಳು ಓಡುವುದನ್ನು ಅವತ್ತೇ ಮೊದಲು ನೋಡಿದ್ದು. ಅಪ್ಪ ಅವಳನ್ನು ಎತ್ತಿ ಗಾಳಿಗೆ ಎಸೆದು ಹಿಡಿದ. ಅವಳು ಕಿರುಚಿದ ಸದ್ದಿಗೆ ಒಳಗಿದ್ದವರೆಲ್ಲ ಬಾಗಿಲಿಗೆ ಬಂದರು.

ಹಾಸಿಗೆಯವನು ಹೋಗಬೇಕಿತ್ತು. ಹೋಗುತ್ತೇನೆಂದು ಹೇಳಿಯೂ ಇದ್ದ. ಆದರೆ ಕಾಲು ಏಳಲಿಲ್ಲ. ಅವತ್ತೂ ಮ್ಯಾಟು ಹೇರಿಕೊಂಡು ಬಂದಿದ್ದ ಕೈಗಾಡಿಯ ಚಕ್ರಕ್ಕೆ ಏನೋ ಆಗಿದೆ ಎಂದು ಅಂಗಳದ ಬೇಲಿಯಾಚೆ ಬಗ್ಗಿ ಕೂತ. ಚಕ್ರಕ್ಕೆ ಏನೂ ಆಗಿರಲಿಲ್ಲ.

ಅವಳು ಅಪ್ಪನ ಜೊತೆ ತೆವಳಿದಳು, ಉರುಳಿದಳು, ಅವನ ಭುಜವೇರಿ ಕೂತು ಇಡೀ ಅಂಗಳ ಸುತ್ತಿದಳು. ಆಮೇಲೆ ಮ್ಯಾಟಿನ ನಡುವೆ ನಿಂತು, "ಅಪ್ಪಾ ನೋಡೂ!" ಎಂದು ಲಾಗ ಹಾಕಿದಳು. ನೆಟ್ಟಗೆ, ಹಗುರವಾಗಿ, ಎದ್ದು ನಿಲ್ಲುವಾಗ ಕೈ ಅಗಲಿಸಿ. ಇಷ್ಟು ದಿನ ಬೆನ್ನ ಹಿಂದೆ ಕೇಳಿದ್ದನ್ನು ಹಾಸಿಗೆಯವನು ಬೇಲಿಯ ಸಂದಿಯಿಂದ ಮೊದಲ ಸಲ ಕಣ್ಣಾರೆ ಕಂಡ. ಕಣ್ಣು ಮಂಜಾಯಿತು. ಚಕ್ರದ ಎಣ್ಣೆ ಹತ್ತಿದ ಕೈಯಿಂದಲೇ ಒರೆಸಿಕೊಂಡ.

"ಅಬ್ಬಾ! ಎಲ್ಲಿ ಕಲಿತೆ ಬಟಾಣಿ?"

"ಅಂಗಡೀಲಿ."

"ಯಾರು ಹೇಳಿಕೊಟ್ರು?"

"ಯಾರೂ ಇಲ್ಲ. ನಾನೇ. ಅವರು ಆಕಡೆ ತಿರುಗಿಕೊಂಡಿರ್ತಾರೆ."

"ಯಾರು?"

ಅವಳು ಸುತ್ತ ನೋಡಿ ಬೇಲಿಯ ಕಡೆ ಕೈ ತೋರಿಸಿದಳು. ಎಲ್ಲರೂ ತಿರುಗಿದರು. ಕೈಗಾಡಿಯ ಪಕ್ಕ ಬಗ್ಗಿ ಕೂತಿದ್ದವನು ಏಳಲೂ ಆಗದೆ, ಕೂರಲೂ ಆಗದೆ ಅರ್ಧಕ್ಕೆ ನಿಂತ. ಮಗು ಅಪ್ಪನ ಕೈ ಹಿಡಿದು ಎಳೆದುಕೊಂಡು ಬಂದು, ತನ್ನ ತಾಯಿ ಔಷಧಿ ಅಂಗಡಿಯಲ್ಲಿ ನಿಂತು ಸಿಕ್ಕಸಿಕ್ಕವರಿಗೆಲ್ಲ ಹೇಳುವ ಅದೇ ಧಾಟಿಯಲ್ಲಿ, ಅದೇ ತುಸು ತಲೆ ಓರೆ ಮಾಡಿ ಪರಿಚಯ ಮಾಡಿಕೊಟ್ಟಳು.

"ಇವರು ನಮ್ಮನೆಯವರು."

ಮೊದಲು ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ಅವಳ ಹಿಂದೆ ಎಲ್ಲರೂ ಗೊಳ್ಳೆಂದರು. "ಅಯ್ಯಯ್ಯೋ, ಇಷ್ಟು ಚಿಕ್ಕ ವಯಸ್ಸಿಗೇ ಯಜಮಾನರು!" ಎಂದಳು ಒಬ್ಬ ತಾಯಿ. ಕೋಟಿಲ್ಲದ ಕೋಟಿನ ಅಪ್ಪ ಕಣ್ಣೊರೆಸಿಕೊಂಡ. ಯಾಕೆ ನಗುತ್ತಿದ್ದಾರೆಂದು ತಿಳಿಯದೆ ಮಗು ಸಿಟ್ಟಿನಿಂದ ಎಲ್ಲರನ್ನೂ ನೋಡಿತು. ದೊಡ್ಡವರಲ್ಲಿ ನಗದಿದ್ದವರು ಇಬ್ಬರೇ. ಬೇಲಿಯ ಈಚೆಗೊಬ್ಬ, ಆಚೆಗೊಬ್ಬ. ಅಪ್ಪನ ಮುಖದಲ್ಲಿ ಏನೋ ಒಂದು ಬಂದು ಹೋಯಿತು. ಸಿಟ್ಟಲ್ಲ. ತಾನೇ ಬಿಟ್ಟುಹೋದ ಮನೆಯ ಮುಂದೆ ಹಾದುಹೋಗುವಾಗ ಒಳಗೆ ದೀಪ ಉರಿಯುತ್ತಿರುವುದನ್ನು ಕಂಡವನ ಮುಖ ಹಾಗಿರುತ್ತದೇನೋ.

"ಒಳ್ಳೇ ಮ್ಯಾಟು" ಎಂದ ಅಪ್ಪ, ಬೇಲಿಯ ಮೇಲಿಂದ ಕೈ ಚಾಚಿ. "ವೇದಿಕೆ ಮೇಲೆ ಹಾಸೋ ಮ್ಯಾಟೂ ಇಷ್ಟು ಗಟ್ಟಿ ಇರಲ್ಲ."

"ಉಳಿದ ತುಂಡಿನಲ್ಲಿ ಮಾಡಿದ್ದು" ಎಂದ ಇವನು, ಎಣ್ಣೆ ಕೈಯನ್ನು ಅಂಗಿಗೆ ಒರೆಸಿ ಚಾಚುತ್ತ.

"ರಾತ್ರಿ ಹೆದರಿಕೊಂಡು ಏಳ್ತಾಳಾ ಈಗಲೂ?"

"ಈಗ ಇಲ್ಲ. ಬಾಗಿಲು ಸ್ವಲ್ಪ ತೆರೆದಿಟ್ರೆ ಮಲಗ್ತಾಳೆ."

ಅಪ್ಪ ತಲೆಯಾಡಿಸಿದ. ಗಡಿಯಾರ ನೋಡಿಕೊಂಡ. ಮಧ್ಯಾಹ್ನದ ಬಸ್ಸಿಗೆ ಹೊರಡಬೇಕು, ಇನ್ನೊಂದು ಊರಿನಲ್ಲಿ ಕಂಬ ನೆಡುವ ಕೆಲಸ. ಮಗುವಿನ ನೆತ್ತಿಗೆ ಮುತ್ತಿಟ್ಟು, "ಮುಂದಿನ ಸಲ ಇನ್ನೂ ಜಾಸ್ತಿ ಆಡೋಣ" ಎಂದು ಚೀಲ ಹೆಗಲಿಗೇರಿಸಿದ. ಬೀದಿಯ ತಿರುವಿನಲ್ಲಿ ಒಮ್ಮೆ ತಿರುಗಿ ಕೈ ಬೀಸಿದ. ಅವಳೂ ಬೀಸಿದಳು. ಅಳಲಿಲ್ಲ.

ಮಕ್ಕಳೆಲ್ಲ ಚದುರಿದ ಮೇಲೆ, ಹಾಸಿಗೆಯವನು ಅವಳ ಷೂ ತೊಡಿಸುತ್ತಿದ್ದಾಗ, ಅವಳಿಗೆ ಇದ್ದಕ್ಕಿದ್ದಂತೆ ನೆನಪಾಯಿತು. ಕಣ್ಣು ಅಗಲವಾದವು.

"ಹಿಂದಕ್ಕೆ ಹಾಕೋದು! ಅಪ್ಪನಿಗೆ ಹಿಂದಕ್ಕೆ ಹಾಕೋದು ತೋರಿಸ್ಲೇ ಇಲ್ಲ!"

"ಮುಂದಿನ ಸಲ ತೋರಿಸೋಣ ಮಗೂ."

ಅವಳು ಅವನ ಮುಖವನ್ನೇ ನೋಡಿದಳು. ಮುಂದಿನ ಸಲ ಎಂದರೇನೆಂದು ಆ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ಅವಳೇ. ಅವನು ಇನ್ನೊಂದು ಷೂ ಲೇಸನ್ನು ಗಡಿಬಿಡಿಯಲ್ಲಿ ಕಟ್ಟಿ, ಕೈಗಾಡಿಯನ್ನು ಬೇಲಿಯ ಪಕ್ಕದಲ್ಲೇ ಬಿಟ್ಟು, ಕೈ ಚಾಚಿದ. "ಬಸ್ಸು ಇನ್ನೂ ಹೊರಟಿರಲಿಕ್ಕಿಲ್ಲ. ಓಡ್ತೀಯಾ?"

ಓಡಿದರು. ಹಣ್ಣಿನ ಗಾಡಿ, ಬೀಗದ ಅಂಗಡಿ, ಬಾಗಿಲಲ್ಲಿ ನಿಂತ ಕ್ಷೌರದವನು, ಎಲ್ಲ ಹಿಂದಕ್ಕೆ ಹೋದವು. ಕ್ಷೌರದವನು "ಏನಾಯ್ತೋ?" ಎಂದು ಕೂಗಿದ್ದಕ್ಕೆ ಉತ್ತರ ಕೊಡಲು ಅವನಲ್ಲಿ ಉಸಿರಿರಲಿಲ್ಲ. ಬದುಕಿಡೀ ಕೂತು ಹೊಲಿದ ಕಾಲುಗಳು ಕಲ್ಲಾಗಿ ಬಂದವು. ಮೊಣಕಾಲು ಕಟಕಟ ಎಂದಿತು. ಪುಟ್ಟ ಕೈ ಅವನ ಬೆರಳುಗಳನ್ನು ಬಿಗಿಯಾಗಿ ಹಿಡಿದು ಮುಂದಕ್ಕೆ ಎಳೆಯುತ್ತಿತ್ತು. ಅವಳು ಅವನ ಕೈಯನ್ನು ತಾನಾಗಿ ಹಿಡಿದದ್ದು ಇದೇ ಮೊದಲೆಂದು ಓಡುತ್ತಲೇ ಹೊಳೆದು, ಬಸ್ ನಿಲ್ದಾಣ ಇನ್ನಷ್ಟು ದೂರವಿರಲಿ ಎಂದು ಅವನ ಮನಸ್ಸಿನ ಒಂದು ಮೂಲೆ ಬೇಡಿಕೊಂಡಿತು. ಹಾಗೆ ಬೇಡಿಕೊಂಡದ್ದಕ್ಕೆ ನಾಚಿ ಇನ್ನೂ ಜೋರಾಗಿ ಓಡಿದ.

ಅವರು ಮೂಲೆ ತಿರುಗುವುದಕ್ಕೂ ಬಸ್ಸು ಹೊರಡುವುದಕ್ಕೂ ಸರಿಹೋಯಿತು. ಕಿಟಕಿಯಲ್ಲಿ ಮಡಿಚಿದ ಅಂಗಿಯ ತೋಳು ಕಾಣಿಸಿತು. ಅಪ್ಪ ಮೊಬೈಲು ನೋಡುತ್ತಿದ್ದ. "ಅಪ್ಪಾ!" ಎಂದು ಅವಳು ಕೂಗಿದಳು. ಹಾಸಿಗೆಯವನೂ ಕೈ ಎತ್ತಿ, ಇದ್ದ ಉಸಿರನ್ನೆಲ್ಲ ಸೇರಿಸಿ "ಓ ಯಜಮಾನ್ರೇ!" ಎಂದು ಕೂಗಿದ. ಬಸ್ಸಿನ ಹೊಗೆ ಇಬ್ಬರ ಮುಖಕ್ಕೂ ಬಂತು.

ಅವಳು ರಸ್ತೆಯ ಅಂಚಿನ ಹುಲ್ಲಿನ ಮೇಲೆ ಕುಸಿದಳು. ಅವನೂ ಕುಸಿದ. ಎದೆ ತಿದಿಯಂತೆ ಏರಿಳಿಯುತ್ತಿತ್ತು. ಉಸಿರು ಹದಕ್ಕೆ ಬಂದ ಮೇಲೆ ಅವನು ಮೆಲ್ಲಗೆ, ಕೇಳಬಾರದೆಂದು ಗೊತ್ತಿದ್ದೂ ಕೇಳಿದ.

"ನನಗೆ ತೋರಿಸ್ತೀಯಾ? ಇಲ್ಲೇ, ಹುಲ್ಲಿನ ಮೇಲೆ?"

ಅವಳು ತಲೆಯಲ್ಲಾಡಿಸಿದಳು. "ಅಪ್ಪನಿಗೇ."

"ಸರಿ" ಎಂದ. ಆಗ ಅವಳಿಗೆ ಅಳು ಬಂತು. ಮೂರು ಶನಿವಾರಗಳ ಅಳು. ಹೇಳುವಂಥ ಒಂದು ಸುಳ್ಳೂ ಅವನಿಗೆ ಹೊಳೆಯಲಿಲ್ಲ. ಪಕ್ಕದಲ್ಲಿ ಕೂತು, ಅವಳ ಬೆನ್ನ ಮೇಲೆ ಅಂಗೈ ಇಟ್ಟ. ಅವಳು ಸರಿಯಲಿಲ್ಲ. ಅಳು ಬಿಕ್ಕಳಿಕೆಯಾಗಿ ಇಳಿದ ಮೇಲೆ ಎದ್ದು ನಿಂತು, ನಡೆಯಲಾರೆ ಎಂಬಂತೆ ಎರಡೂ ತೋಳು ಮೇಲೆತ್ತಿದಳು.

ಅವನು ಎತ್ತಿಕೊಂಡ. ಬಟಾಣಿ ಎಂದರೂ ಅವಳಿಗೆ ಭಾರವಿತ್ತು. ಬಿಸಿಯಾದ, ಬೆವರಿದ, ಓಡಿ ದಣಿದ ಭಾರ. ಕೆನ್ನೆ ಅವನ ಭುಜಕ್ಕೆ ಒರಗಿತು. ಬೀಗದ ಅಂಗಡಿ ಬರುವುದರೊಳಗೆ ಅವಳ ಉಸಿರು ನಿಧಾನವಾಗಿ, ಕೈಗಳು ಸಡಿಲವಾಗಿ ಅವನ ಬೆನ್ನ ಮೇಲೆ ಜೋತುಬಿದ್ದವು. ಮುಂದಿನ ಶನಿವಾರವೂ ಅವಳು ಮೆಟ್ಟಿಲ ಮೇಲೆ ಕೂರುತ್ತಾಳೆ, ತಾನೂ ಹೋಗಿ ಒಂದು ಮೊಳ ದೂರದಲ್ಲಿ ಕೂರುತ್ತೇನೆ ಎಂದು ಅವನಿಗೆ ಗೊತ್ತಿತ್ತು. ಅದು ಎಷ್ಟು ಶನಿವಾರವೋ ಗೊತ್ತಿರಲಿಲ್ಲ. ಮೊಣಕಾಲು ಉರಿಯುತ್ತಿತ್ತು, ಸೊಂಟ ಹಿಡಿದುಕೊಂಡಿತ್ತು.

ಮನೆಯ ಗೇಟು ಬಂತು. ಒಳಗೆ ಹೋದರೆ ಅವಳನ್ನು ಮಲಗಿಸಬೇಕು. ಮಲಗಿಸಿದರೆ ತೋಳು ಬರಿದಾಗುತ್ತದೆ. ಅವನು ಗೇಟಿನ ಚಿಲಕಕ್ಕೆ ಕೈ ಹಾಕಿದವನು ಹಿಂತೆಗೆದು, ಗೋಡೆಯ ನೆರಳು ಹಿಡಿದು ಬೀದಿಯ ಇನ್ನೊಂದು ತುದಿಯ ಕಡೆಗೆ ಮೆಲ್ಲಗೆ ನಡೆದ. ಅಲುಗಾಟಕ್ಕೆ ಅವಳು ಕಣ್ಣು ತೆರೆಯದೆ ತೊದಲಿದಳು.

"ಮನೆ ಬಂತಾ?"

"ಇನ್ನೂ ಇಲ್ಲ" ಎಂದ ಅವನು. "ಮಲಕ್ಕೋ."